ನರ್ಸಮ್ಮನ ಬೆಂಚು ಮುರಿದದ್ದು ಯಾರಿಂದ

ಬಡಗಿಯಣ್ಣನ ಕೈಕೆಲಸದ ಬಗ್ಗೆ ಎರಡು ಮಾತಿರಲಿಲ್ಲ. ಅವನು ಕೂರಿಸಿದ ಬಾಗಿಲು ಕಿರುಗುಟ್ಟುತ್ತಿರಲಿಲ್ಲ. ಅವನು ಮಾಡಿದ ತೊಟ್ಟಿಲಲ್ಲಿ ಮಲಗಿ ಬೆಳೆದವರು ತಮ್ಮ ಮಕ್ಕಳನ್ನೂ ಅದರಲ್ಲೇ ತೂಗಿದ್ದರು. ಅಂಥವನು ಚರ್ಚಿನ ಗಾನವೃಂದಕ್ಕೆ ಮಾಡಿಕೊಟ್ಟ ಹೊಸ ಬೆಂಚು ಒಂದು ಭಾನುವಾರ, ಹಾಡು ಮುಗಿದು ಎಲ್ಲರೂ ಕುಳಿತ ಕೂಡಲೇ, ಲಟಕ್ಕನೆ ಒಂದು ಕಡೆ ಕುಸಿಯಿತು. ಆ ತುದಿಯಲ್ಲಿದ್ದವರು ನರ್ಸಮ್ಮ.

ನರ್ಸಮ್ಮ ಆಸ್ಪತ್ರೆಯಿಂದ ನಿವೃತ್ತರಾದವರು. ಮೈ ಭಾರ, ದನಿ ಅದಕ್ಕಿಂತ ತುಂಬು. ಪೆಟ್ಟೇನೂ ಆಗಲಿಲ್ಲ. ಆದರೆ ಹಿಂದಿನ ಸಾಲಿನಿಂದ ಯಾರೋ, "ಪಾಪ, ಬೆಂಚಿಗೆ ಏಟಾಯ್ತೇನೋ ನೋಡ್ರಪ್ಪ!" ಎಂದರು. ಸಭೆಯೆಲ್ಲ ಕಿಸಕ್ಕೆಂದಿತು. ಮುಂದಿನ ವಾರದಿಂದ ಅವರ ಜಾಗ ಖಾಲಿಯಾಯಿತು.

ಬಡಗಿಯಣ್ಣ ಬೆಂಚನ್ನು ಅಂಗಡಿಗೆ ತಂದು ಬಿಚ್ಚಿ ನೋಡಿದ. ಹಸಿ ಮರ ಒಣಗುತ್ತ ಕುಗ್ಗಿ, ಕಾಲಿನ ಜೋಡಣೆ ಸಡಿಲವಾಗಿತ್ತು. ಮರವನ್ನು ಕೊಯ್ಯುವಾಗಲೇ ಕೈಗೆ ತೇವ ಹತ್ತಿತ್ತು. ಒಣಗಲು ಬಿಡುವಷ್ಟು ವ್ಯವಧಾನವಿಲ್ಲದೆ ಪಾಲಿಶ್ ಬಳಿದು ಮುಚ್ಚಿಬಿಟ್ಟಿದ್ದ.

"ದೇವರ ಹತ್ತಿರ ತಪ್ಪಾಯ್ತು ಅಂತ ಹೇಳ್ಕೊಂಡಿದ್ದೀನಿ ಕಣೇ," ಎಂದ, ಊಟಕ್ಕೆ ಕುಳಿತಾಗ.

"ಒಳ್ಳೇದಾಯ್ತು," ಎಂದಳು ಹೆಂಡತಿ. "ಆದ್ರೆ ಬೆಂಚಿಂದ ಬಿದ್ದಿದ್ದು ದೇವರಾ?"

"ಮರದಂಗಡಿಯವನು ಒಣಗಿದೆ ಅಂತಾನೇ ಕೊಟ್ಟ. ಪಾಸ್ಟರೂ ಬೇಗ ಬೇಗ ಅಂತ ಬೆನ್ನು ಹತ್ತಿದ್ರು."

"ಓಹೋ! ಉಳಿ ಹಿಡಿದಿದ್ದೂ ಅವರೇನಾ?"

ಅವನು ಕೈಯಲ್ಲಿದ್ದ ತುತ್ತು ಕೆಳಗಿಟ್ಟ. ಬೇಡವೆಂದ ಹಣ್ಣು ತಿಂದದ್ದೇಕೆಂದು ದೇವರು ವಿಚಾರಿಸಿದಾಗ ಮೊದಲ ಮನುಷ್ಯನೂ ಹೀಗೆಯೇ ಹೆಂಡತಿಯ ಕಡೆ ಬೆರಳು ತೋರಿಸಿದ್ದನಲ್ಲ! ಇವಳಂತೂ ಅದಕ್ಕೂ ಎಡೆ ಕೊಡುವ ಹೆಂಗಸಲ್ಲ. ತಟ್ಟೆ ಸರಿಸಿ ಎದ್ದವನು ನೆಟ್ಟಗೆ ನರ್ಸಮ್ಮನ ಮನೆಗೆ ಹೋದ.

"ಏನಪ್ಪ, ನನ್ನ ತೂಕ ನೋಡೋಕೆ ಬಂದ್ಯಾ?" ಎಂದರು ಅವರು, ಬಾಗಿಲಲ್ಲೇ ನಿಂತು.

"ಇಲ್ಲಮ್ಮ. ಮರ ಹಸಿ ಇತ್ತು. ಗೊತ್ತಿದ್ದೂ ಬೆಂಚು ಮಾಡಿದೆ. ಜನ ನಿಮ್ಮನ್ನ ಆಡ್ಕೊಂಡಾಗಲೂ ಸುಮ್ಮನಿದ್ದೆ. ತಪ್ಪು ನಂದೇ."

ನರ್ಸಮ್ಮ ಬಾಗಿಲಿಗೆ ಒರಗಿದರು. ಆಮೇಲೆ, "ಅವತ್ತಿಂದ ಹೊಟ್ಟೆ ತುಂಬ ಉಂಡಿಲ್ಲ ಕಣಯ್ಯ. ಮನೇಲಿ ಕುರ್ಚಿ ಮೇಲೆ ಕೂರೋಕೂ ಭಯ," ಎಂದು ಕಣ್ಣೊರೆಸಿಕೊಂಡರು. "ನನ್ನೊಬ್ಬಳಿಗೆ ಹೇಳಿದ್ರೆ ಸಾಲದು. ನಕ್ಕವರ ಕಿವಿಗೂ ಬೀಳಬೇಕು."

ಹೇಳಿದರೆ ಕೈಗೆ ಬರಲಿದ್ದ ಶಾಲೆಯ ಡೆಸ್ಕುಗಳ ಕೆಲಸ ತಪ್ಪುತ್ತದೆಂದು ಅವನಿಗೆ ಗೊತ್ತಿತ್ತು. ಆದರೂ ಭಾನುವಾರ ಆರಾಧನೆ ಮುಗಿಯುತ್ತಲೇ ಎದ್ದು ನಿಂತ.

"ನರ್ಸಮ್ಮನ ಭಾರಕ್ಕೆ ಬೆಂಚು ಮುರೀಲಿಲ್ಲ. ನನ್ನ ಕಳ್ಳಕೆಲಸಕ್ಕೆ ಮುರೀತು. ಮರ ಹಸಿ ಅಂತ ತಿಳಿದೇ ಮಾಡಿದೆ."

"ನಾನೂ ಅವಸರ ಮಾಡಿದೆ..." ಎನ್ನುತ್ತ ಪಾಸ್ಟರು ಎದ್ದರು.

"ಕೈ ನಂದು, ಅಯ್ಯನೋರೇ," ಎಂದ ಬಡಗಿಯಣ್ಣ.

ಯಾರೋ ಕೂಗಿದರು: "ಹಾಗಾದ್ರೆ ನಮ್ಮನೆ ಕಿಟಕಿ ಗತಿ?"

"ನಾಳೆ ಬಂದು ನೋಡ್ತೀನಿ. ಸಡಿಲ ಇದ್ರೆ ಹೊಸದು ಹಾಕಿಕೊಡ್ತೀನಿ."

ಡೆಸ್ಕುಗಳ ಕೆಲಸ ಬೇರೊಬ್ಬನ ಪಾಲಾಯಿತು. ಅವನು ಮನೆಮನೆಗೆ ಹೋಗಿ ಬಾಗಿಲು, ಕಿಟಕಿಗಳನ್ನು ಅಲ್ಲಾಡಿಸಿ ನೋಡಿದ. ಕ್ರಿಸ್ತನು ತನ್ನನ್ನು ಕ್ಷಮಿಸಿದ್ದಾನೆಂಬ ಧೈರ್ಯವಿಲ್ಲದಿದ್ದರೆ ಅಷ್ಟು ಜನರ ಮುಂದೆ ಬಾಯಿ ತೆರೆಯಲು ತನ್ನಿಂದಾಗುತ್ತಿರಲಿಲ್ಲವೆಂದು ಹೆಂಡತಿಗೆ ಹೇಳಿದ. ಅವಳು ಆ ಸಲ ಅವನ ತಟ್ಟೆಗೆ ಇನ್ನೊಂದು ಸೌಟು ಬಡಿಸಿದಳು.

ಚೆನ್ನಾಗಿ ಒಣಗಿದ ಮರದ ಬೆಂಚು ಬಂದ ಭಾನುವಾರ ನರ್ಸಮ್ಮನೂ ಬಂದರು. ಬೆಂಚಿನ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತರು. ಸಭೆಯೆಲ್ಲ ಕತ್ತು ಚಾಚಿ ನೋಡಿತು.

"ಬಡಗಿಯಣ್ಣ, ಮೊದಲು ನೀನು ಕೂತ್ಕೋ."

ಅವನು ಕುಳಿತ.

"ಹೆಂಡ್ತೀನೂ ಕರಿ."

ಅವಳೂ ಬಂದು ಕುಳಿತಳು.

"ಈಗ ಇಬ್ಬರೂ ಸರೀರಿ ಅತ್ಲಾಗೆ ಇತ್ಲಾಗೆ, ನನಗೆ ಜಾಗ ಬೇಕು," ಎನ್ನುತ್ತ ನರ್ಸಮ್ಮ ಅವರ ನಡುವೆ ಧೊಪ್ಪೆಂದು ಕುಳಿತು ಹಾಡಿನ ಪುಸ್ತಕ ತೆರೆದರು.