ನವಣೆ ಕಣದಲ್ಲಿ ನನ್ನ ಉದ್ದನೆಯ ಪ್ರಾರ್ಥನೆ

ಪ್ರಾಯದಲ್ಲಿ ನನಗೆ ಎರಡು ವಿಷಯಕ್ಕೆ ಜಂಭವಿತ್ತು. ಒಂದು ನನ್ನ ಮೀಸೆ, ಇನ್ನೊಂದು ನನ್ನ ಪ್ರಾರ್ಥನೆ. ಮೀಸೆಯನ್ನು ಯಾರೂ ಹೊಗಳಲಿಲ್ಲ. ಪ್ರಾರ್ಥನೆಯನ್ನು ಮಾತ್ರ ಪಾದ್ರಿ ದೊರೆಗಳು ಒಮ್ಮೆ ಮೊಳಕಾಲ್ಮೂರಿನ ಡೇರೆಯಲ್ಲಿ ಕಣ್ಣು ಮುಚ್ಚಿಕೊಂಡು ಕೊನೆಯವರೆಗೂ ಕೇಳಿದ್ದರು. ಅವರಿಗೆ ಬಿಸಿಲಿನ ಝಳಕ್ಕೆ ಜೊಂಪು ಹತ್ತಿತ್ತು ಎಂದು ನನ್ನ ಹೆಂಡತಿ ಇವತ್ತಿಗೂ ವಾದಿಸುತ್ತಾಳೆ. ನಾನು ಆ ಮಾತನ್ನು ಕಿವಿಗೆ ಹಾಕಿಕೊಳ್ಳುವುದಿಲ್ಲ.

ಪ್ಲೇಗಿನ ಭಯ ಇಳಿದು, ಹೊಲದ ಗುಡಿಸಲುಗಳಲ್ಲಿದ್ದ ಜನ ಮತ್ತೆ ಊರೊಳಗೆ ಬಂದು ಬಾಗಿಲು ತೆರೆದ ಕಾಲ ಅದು. ಚಳ್ಳಕೆರೆಗೂ ಮೊಳಕಾಲ್ಮೂರಿಗೂ ನಡುವೆ, ಬಿ.ಜಿ. ಕೆರೆಯಿಂದ ಸ್ವಲ್ಪ ಒಳಗಿದ್ದ ಒಂದು ಸಣ್ಣ ಹಳ್ಳಿಗೆ ಮಿಷನ್ನಿನವರು ನನ್ನನ್ನು ಉಪದೇಶಿಯಾಗಿ ಕಳಿಸಿದರು. ಒಂದು ಪೆಟ್ಟಿಗೆ ಪುಸ್ತಕ, ಒಂದು ಲಾಂದ್ರ ಮತ್ತು ಹೆಂಡತಿಯ ಜೊತೆ ಗಾಡಿಯಲ್ಲಿ ಬಂದು ಇಳಿದೆ. ಈ ಮೂರರಲ್ಲಿ ಊರಿಗೆ ಉಪಯೋಗಕ್ಕೆ ಬಂದದ್ದು ಹೆಂಡತಿ ಒಬ್ಬಳೇ. ಅವಳು ರಾಯದುರ್ಗದ ಕಡೆಯ ಒಕ್ಕಲು ಮನೆಯವಳು, ಕುಡುಗೋಲು ಹಿಡಿದು ಬೆಳೆದವಳು, ಸಿಟ್ಟು ಬಂದರೆ ತೆಲುಗಿಗೆ ಇಳಿಯುವವಳು. ನಾನು ಪಟ್ಟಣದಲ್ಲಿ ಓದಿದವನು. ನವಣೆಗೂ ಸಾವೆಗೂ ವ್ಯತ್ಯಾಸ ತಿಳಿಯಲು ನನಗೆ ಒಂದು ವರ್ಷ ಬೇಕಾಯಿತು.

ದಿನಾ ಸಂಜೆ ಬೇವಿನ ಮರದ ಕಟ್ಟೆಯ ಮೇಲೆ ನಿಂತು ಉಪದೇಶ ಮಾಡುತ್ತಿದ್ದೆ. ಮೇಕೆಗಳು ತಪ್ಪದೆ ಬರುತ್ತಿದ್ದವು. ನೀರು ಹೊತ್ತು ಹೋಗುವ ಹೆಂಗಸರು ಒಂದು ಗಳಿಗೆ ನಿಂತು, "ಅಯ್ನೋರ ಗಂಟ್ಲು ಭಾಳ ಗಟ್ಟಿ ಐತೆ" ಎಂದು ತಮ್ಮತಮ್ಮಲ್ಲೇ ಮೆಚ್ಚಿಕೊಂಡು ಮುಂದೆ ಹೋಗುತ್ತಿದ್ದರು. ಅದೇ ಹೊತ್ತಿಗೆ ನನ್ನ ಹೆಂಡತಿ ಪಕ್ಕದ ಬೀದಿಯ ಒಬ್ಬ ವಿಧವೆಯ ಮನೆಯಲ್ಲಿ ಬೀಸುವ ಕಲ್ಲಿನ ಎದುರು ಕೂತಿರುತ್ತಿದ್ದಳು. ಆಕೆಗೆ ನಲವತ್ತೈದರ ಆಸುಪಾಸು, ಮಕ್ಕಳಿಲ್ಲ, ನೇರ ಮಾತು. ಇಬ್ಬರೂ ಗೂಟ ಹಿಡಿದು ಸಜ್ಜೆ ಬೀಸುವಾಗ ನನ್ನ ಹೆಂಡತಿ ನಮ್ಮ ಶಾಸ್ತ್ರದ ಕಥೆಗಳನ್ನು ಹೇಳುವಳು. ಗಂಡನನ್ನು ಕಳೆದುಕೊಂಡ ಸೊಸೆಯೊಬ್ಬಳು ಅತ್ತೆಯ ಕೈ ಬಿಡದೆ ಬಂದು ಪರರ ಹೊಲದಲ್ಲಿ ತೆನೆ ಆಯ್ದ ಕಥೆಯನ್ನು ಆಕೆ ಮೂರು ಸಲ ಹೇಳಿಸಿಕೊಂಡಳಂತೆ. "ಆ ಹೊಲದ ಗೌಡ ಒಳ್ಳೇನು ಕಣವ್ವ. ನಮ್ಮ ಕಡೆಯೋನಾಗಿದ್ರೆ ಓಡಿಸ್ತಿದ್ದ" ಎಂದಳಂತೆ.

ಬೇಸಿಗೆಯಲ್ಲಿ ಪಾದ್ರಿ ದೊರೆಗಳು ಬಂದು ಆಕೆಗೆ ದೀಕ್ಷಾಸ್ನಾನ ಕೊಟ್ಟರು. ಕೆರೆ ಒಣಗಿತ್ತು, ಬಾವಿಯ ಒಂದು ಚೊಂಬು ನೀರಿನಲ್ಲಿ ಕೆಲಸ ಮುಗಿಯಿತು. ಆ ಸಂಗತಿಯನ್ನು ನಾನು ಮಿಷನ್ನಿಗೆ ಎರಡು ಹಾಳೆ ಬರೆದೆ. ಬೇವಿನ ಕಟ್ಟೆಯ ಉಪದೇಶದ ಬಗ್ಗೆ ಅದರಲ್ಲಿ ವಿವರವಾಗಿತ್ತು. ಬೀಸುವ ಕಲ್ಲು ಬರೆಯುವಾಗ ನೆನಪಾಗಲಿಲ್ಲ.

ಆಕೆಯ ಮನೆಗೂ ಮೈದುನನ ಮನೆಗೂ ನಡುವೆ ಒಂದೇ ಗೋಡೆ. ಗಂಡ ಸತ್ತ ಮೇಲೂ ಆ ಮೋಟು ಗೋಡೆಯ ಮೇಲಿಂದ ಸಾರಿನ ಬಟ್ಟಲು ಆಚೆಗೂ ಈಚೆಗೂ ಓಡಾಡುತ್ತಿತ್ತು. ದೀಕ್ಷಾಸ್ನಾನದ ಮಾರನೆಯ ದಿನದಿಂದ ಅದು ನಿಂತಿತು. ಮೈದುನ ಮಾತು ಬಿಟ್ಟ. ಅವನು ಬಿಟ್ಟನೆಂದು ಉಳಿದ ಬಂಧುಗಳೂ ಆಕೆಯ ಮನೆಯಲ್ಲಿ ನೀರು ಮುಟ್ಟಲಿಲ್ಲ. ಆಕೆ ಯಾರ ಎದುರೂ ಅಳಲಿಲ್ಲ. ನನ್ನ ಹೆಂಡತಿಯ ಹತ್ತಿರ ಒಮ್ಮೆ ಮಾತ್ರ ಹೇಳಿದಳು: "ಬೈದ್ರೆ ಬೈಲಿ, ಹೊಲದ ಬದು ಒತ್ತಿದ್ರೆ ಒತ್ಲಿ, ತಡ್ಕಂತೀನಿ. ಒಬ್ಳೇ ಕುಂತು ಉಣ್ಣಾದು ಮಾತ್ರ ನನ್ನ ಕೈಲಾಗಲ್ಲ ತಾಯಿ."

ಸುಗ್ಗಿ ಬಂತು. ನಮ್ಮ ಕಡೆ ಸುಗ್ಗಿಯ ಕೆಲಸ ಮುಯ್ಯಿಯ ಮೇಲೆ ನಡೆಯುತ್ತದೆ. ಇವತ್ತು ಎಲ್ಲರೂ ನಿನ್ನ ಹೊಲಕ್ಕೆ, ನಾಳೆ ನೀನು ಎಲ್ಲರ ಜೊತೆ ನನ್ನ ಹೊಲಕ್ಕೆ. ಆಕೆ ಎಲ್ಲರ ಹೊಲಕ್ಕೂ ಹೋಗಿ ನವಣೆ ಕೊಯ್ದಳು. ಕೊಯ್ಲಿನಲ್ಲಿ ಆಕೆಯ ಸಮಕ್ಕೆ ಬರುವವರು ಇರಲಿಲ್ಲವಾದ್ದರಿಂದ ಬರಬೇಡ ಎನ್ನುವ ಧೈರ್ಯ ಯಾರಿಗೂ ಆಗಲಿಲ್ಲ. ಊಟದ ಹೊತ್ತಿಗೆ ಮಾತ್ರ ತನ್ನ ಬುತ್ತಿ ತಗೊಂಡು ಬದುವಿನ ಆ ತುದಿಗೆ ಹೋಗುತ್ತಿದ್ದಳು. ಈಗ ಆಕೆಯ ಸರದಿ. ತೆನೆ ತುಳಿಸಿ ಆಗಿತ್ತು, ಕಣದಲ್ಲಿ ಕಾಳೂ ಹೊಟ್ಟೂ ಬೆರೆತ ರಾಶಿ ಬಿದ್ದಿತ್ತು, ಇನ್ನು ಗಾಳಿಗೆ ತೂರಬೇಕು. ತೂರಿದ ದಿನ ಬಂದವರಿಗೆಲ್ಲ ಕಣದಲ್ಲೇ ಮನೆಯೊಡತಿ ಊಟ ಬಡಿಸಬೇಕು. ಅವರು ಬರುತ್ತಾರೋ, ಬಂದರೆ ಆಕೆಯ ಕೈಯ ರೊಟ್ಟಿ ತಿನ್ನುತ್ತಾರೋ ಎನ್ನುವುದೇ ಆ ವಾರ ಊರಿನ ಮಾತು.

ಮುಯ್ಯಿಯ ಗುಂಪಿಗೆ ಮುಂದಾಳು ಆ ಮೈದುನನೇ. ಒಂದು ಬೆಳಿಗ್ಗೆ ನಮ್ಮ ಮನೆಯ ಮುಂದೆ ಬಂದು ನಿಂತ. ಅವರಲ್ಲಿ ರಾಶಿಯ ಪಕ್ಕ ಸಗಣಿಯ ಬೆನಕನನ್ನಿಟ್ಟು ಗರಿಕೆ ಸಿಕ್ಕಿಸಿ, ಕಾಯಿ ಒಡೆದು, ಆಮೇಲೆ ಮೊರ ಎತ್ತುವುದು ಪದ್ಧತಿ. ಅದು ಕೂಡದು ಎಂದು ನಾನು ಆಕೆಗೆ ಕಟ್ಟುನಿಟ್ಟಾಗಿ ಹೇಳಿದ್ದೆ.

"ಬೆನಕಪ್ಪನ್ನ ಇಡಲ್ಲ ಅಂದ್ರಂತೆ, ಇಡಬ್ಯಾಡ್ರಿ" ಎಂದ. "ಆದ್ರೆ ಕಣ ಅಂದ್ಮ್ಯಾಲೆ ಏನಾರ ಒಂದು ಆಗ್ಬೇಕಲ್ರಿ ಅಯ್ನೋರೆ. ಮೊದ್ಲು ದ್ಯಾವ್ರ ಕೆಲ್ಸ, ಆಮ್ಯಾಕೆ ಮೊರ. ಅದು ಮುಗಿಯಾಗಂಟ ನಮ್ಮೋರು ಯಾರೂ ಮೊರ ಮುಟ್ಟಲ್ಲ."

"ನಾನು ಪ್ರಾರ್ಥನೆ ಮಾಡ್ತೀನಿ" ಎಂದೆ.

"ಮಾಡ್ರಿ. ನಾವು ನಿಂತ್ಕಂತೀವಿ. ಉಣ್ಣಾ ಮಾತು ಆಮ್ಯಾಕೆ ನೋಡಾನ."

ಎರಡು ದಿನದಿಂದ ಗಾಳಿ ಇರಲಿಲ್ಲ. ಊರಿನ ಕಣಗಳಲ್ಲೆಲ್ಲ ರಾಶಿಗಳು ಹಾಗೇ ಬಿದ್ದಿದ್ದವು. ಮೂಡಲಲ್ಲಿ ಮೋಡ ಕಟ್ಟುತ್ತಿತ್ತು, ಮಳೆ ಬಿದ್ದರೆ ಕಾಳು ಕಣದಲ್ಲೇ ಮೊಳೆಯುತ್ತದೆ. ಅಂಥ ಬೆಳಿಗ್ಗೆ ಇಪ್ಪತ್ತು ಜನ ಆಕೆಯ ಕಣಕ್ಕೆ ಬಂದರು. ಚಪ್ಪಲಿಗಳನ್ನು ಹೊರಗೇ ಬಿಟ್ಟರು. ಗಂಡಸರು ರುಮಾಲು ತೆಗೆದು ಸೊಂಟಕ್ಕೆ ಸುತ್ತಿ ಕೈಕಟ್ಟಿ ನಿಂತರು. ಆಕೆ ಬೆಳಗಿನ ಜಾವಕ್ಕೇ ಎದ್ದು ಮಾಡಿದ ಸಜ್ಜೆ ರೊಟ್ಟಿ, ಅವರೆಕಾಳು ಹುಳಿ, ಹುಚ್ಚೆಳ್ಳು ಚಟ್ನಿ ಬುಟ್ಟಿಯಲ್ಲಿ ಬಟ್ಟೆ ಮುಚ್ಚಿಕೊಂಡು ಜಾಲಿಯ ನೆರಳಿನಲ್ಲಿದ್ದವು. ಆಕೆಯ ಕಣ್ಣು ರಾಶಿಗಿಂತ ಹೆಚ್ಚಾಗಿ ಆ ಬುಟ್ಟಿಯ ಮೇಲಿತ್ತು.

ನಾನು ನೋಡಿದ್ದು ಇಪ್ಪತ್ತು ಬರಿದಲೆಗಳನ್ನು. ಒಂದೂವರೆ ವರ್ಷ ಮೇಕೆಗಳಿಗೆ ಉಪದೇಶ ಮಾಡಿದವನ ಮುಂದೆ ಇಪ್ಪತ್ತು ಜನ, ಅದೂ ಅಲುಗಾಡದೆ, ಆಮೆನ್ ಎನ್ನುವವರೆಗೆ ಹೋಗುವ ಹಾಗಿಲ್ಲದವರು. ಎದೆ ಉಬ್ಬಿತು. ಕಣ್ಣು ಮುಚ್ಚಿ, ಭೂಮಿ ಆಕಾಶಗಳ ಸೃಷ್ಟಿಯಿಂದ ಶುರು ಮಾಡಿದೆ.

ಜಲಪ್ರಳಯ ಮುಗಿಸುವಷ್ಟರಲ್ಲಿ ಮೀಸೆ ಅಲುಗಿದ ಹಾಗಾಯಿತು. ಗಾಳಿ. ಮೈ ಜುಮ್ಮೆಂದಿತು. ಪ್ರಾರ್ಥನೆಗೆ ಇಷ್ಟು ಬೇಗ ಉತ್ತರ ಬಂದದ್ದು ನನ್ನ ಅನುಭವದಲ್ಲಿ ಅದೇ ಮೊದಲು. ಬುದ್ಧಿಯಿದ್ದವನು ಅಲ್ಲಿಗೆ ಆಮೆನ್ ಎನ್ನುತ್ತಿದ್ದ. ಉತ್ತರ ಕೊಟ್ಟವನಿಗೆ ಕೃತಜ್ಞತೆ ಹೇಳದೆ ನಿಲ್ಲಿಸುವುದು ಸರಿಯಲ್ಲ ಎಂದು ನಾನು ಕೃತಜ್ಞತೆಗೆ ತೊಡಗಿದೆ. ಹಿಂದಿನಿಂದ ಹೆಂಡತಿ ಪಂಚೆಯ ಚುಂಗು ಜಗ್ಗಿ ತೆಲುಗಿನಲ್ಲಿ ಸಾಕು ಎಂದಳು. ತೆಲುಗು ತಿಳಿಯದವನ ಹಾಗೆ ಮುಂದುವರಿದೆ. ಗಾಳಿ ಇನ್ನೂ ಜೋರಾಯಿತು, ನನ್ನ ದನಿಯೂ ಜೋರಾಯಿತು. ಮಹಾರಾಜರಿಗಾಗಿ ಬೇಡಿಕೊಂಡೆ, ಮಿಷನ್ನಿಗಾಗಿ, ಸಮುದ್ರದಾಚೆಯ ಸಭೆಗಳಿಗಾಗಿ, ಪಾದ್ರಿ ದೊರೆಗಳ ಹೆಂಡತಿಯ ಹಲ್ಲುನೋವಿಗಾಗಿ ಬೇಡಿಕೊಂಡೆ. ಕೊನೆಗೆ ತೃಪ್ತಿಯಿಂದ ಆಮೆನ್ ಎಂದು ಕಣ್ಣು ಬಿಟ್ಟೆ.

ಒಬ್ಬರೂ ಜರುಗಿರಲಿಲ್ಲ. ಮೊರಗಳು ನೆಲದ ಮೇಲೇ ಇದ್ದವು. ದೇವರ ಕೆಲಸ ಮುಗಿಯದೆ ಮುಟ್ಟುವುದಿಲ್ಲ ಎಂದವರು ಮಾತಿಗೆ ತಪ್ಪದೆ ನಿಂತಿದ್ದರು. ಪಕ್ಕದ ಕಣದವರು ಅಷ್ಟರಲ್ಲಿ ಅರ್ಧ ರಾಶಿ ತೂರಿ ಮುಗಿಸಿ, ಮೊರ ಕೆಳಗಿಟ್ಟು, ಬೆವರು ಒರೆಸಿಕೊಂಡು ನಮ್ಮ ಕಡೆ ನೋಡುತ್ತಿದ್ದರು. ಅವರು ಮೊರ ಕೆಳಗಿಟ್ಟದ್ದು ಏಕೆಂದು ನನಗೆ ನಿಧಾನವಾಗಿ ಹೊಳೆಯಿತು. ಗಾಳಿ ನಿಂತಿತ್ತು.

ಹೊತ್ತು ನೆತ್ತಿಗೆ ಬರುವವರೆಗೂ ಕಾದರು. ಎಲೆ ಅಲುಗಲಿಲ್ಲ. ರಾಶಿ ತೂರದೆ ಕಣದಲ್ಲಿ ಊಟಕ್ಕೆ ಕೂರುವ ಪದ್ಧತಿಯಿಲ್ಲ, ಹಾಗಾಗಿ ಒಬ್ಬೊಬ್ಬರೇ ಚಪ್ಪಲಿ ಮೆಟ್ಟಿಕೊಂಡರು. ಬಂದ ದಿನ ಬಂದ ಲೆಕ್ಕವೇ, ಮುಯ್ಯಿ ಅಲ್ಲಿಗೆ ತೀರಿತು. ಮೈದುನ ರುಮಾಲು ಸುತ್ತಿಕೊಳ್ಳುತ್ತ ನನ್ನ ಹತ್ತಿರ ಬಂದ. "ನಿಮ್ಮ ದ್ಯಾವ್ರು ಗಾಳಿ ಕಳ್ಸಿದ್ದ ಅಯ್ನೋರೆ. ನಾವೂ ಬಂದಿದ್ವಿ. ಮಧ್ಯದಾಗೆ ನೀವು ನಿಂತ್ರಿ" ಎಂದ. ಅದರಲ್ಲಿ ಸಿಟ್ಟು ಕೂಡ ಇರಲಿಲ್ಲ. ಆಕೆ ಬುಟ್ಟಿ ತಲೆಯ ಮೇಲಿಟ್ಟುಕೊಂಡು, ಬಟ್ಟೆ ಕೂಡ ಸರಿಸದೆ, ಮನೆಗೆ ಹೋದಳು. ಬೈದಿದ್ದರೆ ನನಗೆ ಎಷ್ಟೋ ವಾಸಿಯಾಗುತ್ತಿತ್ತು.

ಮನೆಗೆ ಬಂದು ಮಂಡಿಯೂರಲು ಹೋದೆ. ಹೆಂಡತಿ ತಡೆದಳು. "ಇವತ್ತು ದೇವರಿಗೆ ನಿಮ್ಮ ಮಾತು ಸಾಕಷ್ಟಾಗಿದೆ. ಆಕೆಯ ಮೈದುನನ ಹತ್ರ ಹೋಗ್ರಿ" ಎಂದಳು.

ಹೊತ್ತು ಇಳಿಯುವ ಮುಂಚೆ ಹೋದೆ. ಕೊಟ್ಟಿಗೆಯಲ್ಲಿ ಎತ್ತುಗಳಿಗೆ ಮೇವು ಹಾಕುತ್ತಿದ್ದ. ತಪ್ಪು ನನ್ನದು, ಆಕೆಯದಲ್ಲ, ಇನ್ನೊಂದು ದಿನ ಬನ್ನಿ, ಅದಕ್ಕೆ ಪ್ರತಿಯಾಗಿ ನಾನೇ ನಿಮ್ಮ ಹೊಲಕ್ಕೆ ಮುಯ್ಯಿ ಬರುತ್ತೇನೆ ಎಂದೆ. ಅವನು ನನ್ನ ಕೈ ಹಿಡಿದು ಅಂಗೈ ತಿರುವಿ ನೋಡಿದ. ಒಳಗಿದ್ದ ತನ್ನ ಹೆಂಡತಿಯನ್ನು ಕರೆದು ಅವಳಿಗೂ ತೋರಿಸಿದ.

"ನಿಮ್ಮನೆ ಅಮ್ಮಾರಾದ್ರೆ ಒಂದಿನ ಸಾಕು. ನೀವಾದ್ರೆ ಮೂರು ದಿನ ಬರ್ಬೇಕಾಗ್ತೈತೆ."

"ನಾಲ್ಕು ದಿನ ಬರ್ತೀನಿ."

"ನಾಕು ದಿನ ಬಂದ್ರೆ ನನ್ನ ಸಜ್ಜೆ ಉಳಿಯಲ್ಲ" ಎಂದು ನಕ್ಕ. ಆಮೇಲೆ ನಗು ಇಳಿಯಿತು. "ಆಕೆ ಯಾವ ದ್ಯಾವ್ರನ್ನಾದ್ರೂ ಕೂಡ್ಲಿ. ನಮ್ಮವ್ವ ಸತ್ಮ್ಯಾಲೆ ನಂಗೆ ಉಣ್ಣಾಕಿಕ್ಕಿ ಬೆಳೆಸಿದಾಕೆ ಆಕೆ. ನಂಗೊಂದು ಮಾತು ಹೇಳ್ಲಿಲ್ಲ ನೋಡ್ರಿ, ಅದೇ ಚುಚ್ತೈತೆ."

ದೀಕ್ಷಾಸ್ನಾನದ ಸುದ್ದಿ ಅವನಿಗೆ ಹೇಳಬೇಡ ಎಂದವನು ನಾನೇ. ಹೇಳಿದರೆ ಮೈದುನ ತಡೆದಾನು, ಆದಮೇಲೆ ತಿಳಿದರೆ ಸಾಕು ಎಂದು ಬುದ್ಧಿ ಕಲಿಸಿದ್ದೆ. ಆಕೆ ಹೇಳಿಯೇ ಬರುತ್ತೇನೆಂದು ಎರಡು ಸಲ ಕೇಳಿದ್ದಳು. ಅದನ್ನು ಅವನ ಮುಖ ನೋಡಿ ಒಪ್ಪಿಕೊಳ್ಳುವುದು ಇಪ್ಪತ್ತು ಜನರ ಮುಂದೆ ನಾಚಿಕೆ ಪಟ್ಟದ್ದಕ್ಕಿಂತ ಕಷ್ಟವಾಯಿತು, ಆದರೂ ಒಪ್ಪಿಕೊಂಡೆ. ಅವನು ಇನ್ನೊಂದು ಹೊರೆ ಮೇವು ತರಲು ಹೊರಗೆ ಹೋದ. ನಾನು ಸ್ವಲ್ಪ ಹೊತ್ತು ಎತ್ತುಗಳ ಜೊತೆ ನಿಂತಿದ್ದು ಮನೆಗೆ ಬಂದೆ.

ಮಾರನೆಯ ಬೆಳಿಗ್ಗೆ ಮೋಡ ಇನ್ನೂ ಹತ್ತಿರ ಬಂದಿತ್ತು. ಅದರ ಮುಂದೆ ಮುಂದೆ ಸಣ್ಣಗೆ ಗಾಳಿಯೂ ಬರುತ್ತಿತ್ತು. ಕಣಕ್ಕೆ ಹೋದರೆ ಇಪ್ಪತ್ತೂ ಜನ ಬಂದು ನಿಂತಿದ್ದಾರೆ, ಬರಿದಲೆಯಲ್ಲಿ, ಕೈಕಟ್ಟಿಕೊಂಡು. ಎಲ್ಲರ ಕಣ್ಣೂ ನನ್ನ ಬಾಯಿಯ ಮೇಲೆ. ಅಷ್ಟು ಭಯದಿಂದ ಯಾರೂ ನನ್ನ ಉಪದೇಶಕ್ಕೆ ಕಾದದ್ದಿಲ್ಲ. ನಾನು ಎರಡು ಹೆಜ್ಜೆ ಹಿಂದೆ ಸರಿದು, "ಇವತ್ತು ನೀನೇ ಮಾಡವ್ವ" ಎಂದೆ.

ಆಕೆ ತಬ್ಬಿಬ್ಬಾಗಲಿಲ್ಲ. ಕಣ್ಣೂ ಮುಚ್ಚಲಿಲ್ಲ. "ಅಪ್ಪಾ, ಗಾಳಿ ಕೊಟ್ಟೀಯ, ನನ್ನ ಜನಾನ ಕರ್ಕೊಂಬಂದೀಯ. ಹಿಂಗೇ ನಡೆಸ್ಕೊಡು. ಆಮೆನ್" ಎಂದು ಅದೇ ಉಸಿರಿನಲ್ಲಿ ಮೊರಕ್ಕೆ ಬಗ್ಗಿದಳು.

ಮಧ್ಯಾಹ್ನದ ಹೊತ್ತಿಗೆ ರಾಶಿ ಚೊಕ್ಕವಾಯಿತು. ಹೊಟ್ಟು ಹೊರುವ ಕೆಲಸ ನನ್ನ ಪಾಲಿಗೆ ಬಂತು, ಮೈಯೆಲ್ಲ ನವೆ. ಕಾಳನ್ನು ಚೀಲಗಳಿಗೆ ತುಂಬಿ ಮುಚ್ಚಿದರು. ಎಲ್ಲರೂ ಕೈಕಾಲು ತೊಳೆದುಕೊಂಡರು. ಆಕೆ ಬುಟ್ಟಿ ತಂದಳು.

ಯಾರೂ ಕೂರಲಿಲ್ಲ. ಒಬ್ಬ ಹೊಸದಾಗಿ ಕಾಲು ತೊಳೆಯಲು ಹೋದ, ಇನ್ನೊಬ್ಬ ಮೋಡ ನೋಡಿದ, ಹೆಂಗಸರು ಸೆರಗು ಸರಿಮಾಡಿಕೊಂಡರು. ಆಕೆ ಮೊದಲ ರೊಟ್ಟಿ ಕೈಯಲ್ಲಿ ಹಿಡಿದು ನಿಂತೇ ಇದ್ದಳು. ನನ್ನ ಬಾಯಲ್ಲಿ ಆಗ ಒಂದು ಪ್ರಾರ್ಥನೆಯೂ ಹುಟ್ಟಲಿಲ್ಲ.

ಮೈದುನ ಬಂದು ಆಕೆಯ ಎದುರೇ ಚಕ್ಕಂಬಕ್ಕಳ ಹಾಕಿ ಕೂತ. ಎರಡೂ ಕೈ ಚಾಚಿದ. ರೊಟ್ಟಿ ಬಿತ್ತು, ಚಟ್ನಿ ಬಿತ್ತು. ಮುರಿದು ಬಾಯಿಗಿಟ್ಟು ನಿಧಾನವಾಗಿ ಅಗಿದ. ಇಡೀ ಕಣ ಅವನ ದವಡೆಯನ್ನೇ ನೋಡುತ್ತಿತ್ತು.

"ಅತ್ತಿಗೆ, ಚಟ್ನಿಗೆ ಉಪ್ಪು ಕಮ್ಮಿ ಆಗೈತೆ" ಎಂದ.

ಬೆಳಿಗ್ಗೆ ರುಚಿ ನೋಡಿದ್ದ ನನ್ನ ಹೆಂಡತಿ ಬಾಯಿ ತೆರೆಯಲು ಹೋದಳು, ನಾನು ಅವಳ ಕೈ ಹಿಡಿದುಕೊಂಡೆ. ಏಳು ತಿಂಗಳಿಂದ ಆಕೆಯ ಅಡುಗೆಗೆ ಕೊರತೆ ಹೇಳಲು ಒಬ್ಬರೂ ಇರಲಿಲ್ಲ. ಆಕೆ ಸೆರಗನ್ನು ಮುಖಕ್ಕೆ ಒತ್ತಿಕೊಂಡು ಅಲ್ಲೇ ಎಲ್ಲರ ಮುಂದೆ ಅತ್ತಳು. ಆಮೇಲೆ ಉಪ್ಪಿನ ಗಂಟು ಬಿಚ್ಚಿ ಅವನ ರೊಟ್ಟಿಗೆ ಒಂದು ಚಿಟಿಕೆ ಹಾಕಿದಳು. ಅವನು ತಲೆಯೆತ್ತದೆ ತಿಂದ. ಉಳಿದವರು ಒಬ್ಬೊಬ್ಬರಾಗಿ ಕೂತು ಕೈ ಚಾಚಿದರು.