ಗೋಡೆ ದಾಟದ ಟೊಂಗೆ

ಬೆಲ್ಲದ ಬಾಗೇವಾಡಿಯ ಸತ್ತೆವ್ವ ಇಪ್ಪತ್ತೆರಡು ವರ್ಷದಿಂದ ಹಿಂದಿನ ಕೋಣೆಯ ಕಿಟಕಿಗೆ ಹೊಲಿಗೆ ಮಷೀನು ಹಚ್ಚಿಕೊಂಡು ಕೂತವಳು. ಓಣಿಯ ಹೆಂಗಸರ ಕುಪ್ಪಸಗಳೆಲ್ಲ ಅವಳ ಕೈಯಿಂದಲೇ ಬರಬೇಕು. ಸೂಜಿಯಿಂದ ಕಣ್ಣೆತ್ತಿದರೆ ಎದುರಿಗೆ ಹಿತ್ತಲು. ದಾಳಿಂಬೆ, ಲಿಂಬೆ, ಕರಿಬೇವು, ದಾಸವಾಳ, ಗೋಡೆಗೆ ಹಬ್ಬಿದ ತೊಂಡೆ. ಕರಿಬೇವನ್ನು ಹುಳು ತಿಂದರೂ ಅವಳು ಬಡಿಯುತ್ತಿರಲಿಲ್ಲ. ಅದೇ ಹುಳು ಮುಂದೆ ಕರಿ ಚಿಟ್ಟೆಯಾಗಿ ಕಿಟಕಿಯ ಮುಂದೆ ಹಾರುತ್ತದೆಂದು ಅವಳಿಗೆ ಗೊತ್ತಿತ್ತು. ಯಾವ ತಿಂಗಳಲ್ಲಿ ಯಾವ ಹಕ್ಕಿ ಬರುತ್ತದೆ, ಏನು ತಿನ್ನುತ್ತದೆ, ತಿಂದ ಮೇಲೆ ಎಲ್ಲಿ ಹೋಗಿ ಕೂರುತ್ತದೆ ಎಂಬುದೂ ಅವಳಿಗೆ ಗಿರಾಕಿಗಳ ಅಳತೆಯಷ್ಟೇ ಬಾಯಿಪಾಠ.

ಗೋಡೆಯಾಚೆ ಬಾಳೇಶನ ಮನೆ. ಸಂಕೇಶ್ವರದಲ್ಲಿ ಅವನದು ಬೆಳೆಗೆ ಹೊಡೆಯುವ ಔಷಧಿಯ ಅಂಗಡಿ. ಅಂಗಳಕ್ಕೆಲ್ಲ ಫರಸಿ ಕಲ್ಲು ಹಾಸಿ, ಗೋಡೆಯ ಬದಿಗೆ ಹೊಸ ಬಿಳಿ ಕಾರು ನಿಲ್ಲಿಸುತ್ತಿದ್ದ. ಸತ್ತೆವ್ವನ ಹಿತ್ತಲಿನ ಕಸದಿಂದ ಹಾವು ಬರುತ್ತವೆಂದು ಅವನ ತಕರಾರು. ಹಾವು ಬಂದದ್ದನ್ನು ಕಂಡವರಾರೂ ಇರಲಿಲ್ಲ.

ಶಿವರಾತ್ರಿ ಮುಗಿದ ವಾರ ಘೋಡಗೇರಿಯ ತಂಗಿಗೆ ಮೊಣಕಾಲಿನ ಆಪರೇಷನ್ ಆಯಿತು. ಸತ್ತೆವ್ವ ಹದಿನೆಂಟು ದಿನ ಅಲ್ಲೇ ಉಳಿದಳು. ಗಂಡ ಯಲ್ಲಾರಿ ಸಕ್ಕರೆ ಕಾರ್ಖಾನೆಯ ಕೆಲಸಕ್ಕೆ ಕತ್ತಲಲ್ಲಿ ಹೋಗಿ ಕತ್ತಲಲ್ಲಿ ಬರುವವನು. ಗಿಡ ಬಾಡಿದ್ದು ಕಂಡು, ನೀರು ಸಾಲದಾಗಿದೆಯೆಂದು ನಾಲ್ಕು ಕೊಡ ಹೆಚ್ಚು ಸುರಿದಿದ್ದ, ಅಷ್ಟೆ.

ತಿರುಗಿ ಬಂದ ದಿನ ಸತ್ತೆವ್ವ ಕೈಚೀಲ ಇಳಿಸದೆ ಹಿತ್ತಲಲ್ಲಿ ನಿಂತುಬಿಟ್ಟಳು. ದಾಳಿಂಬೆ ಎಲೆ ಕಳಚಿ ಬರಿ ಕಡ್ಡಿಯಾಗಿತ್ತು. ಅದರ ಟೊಂಗೆಗೆ ತೂಗುಬಿದ್ದ ಸೂರಕ್ಕಿಯ ಗೂಡಿಗೆ ನೆರಳಿಲ್ಲದೆ, ಒಳಗಿನ ಎರಡು ಮರಿ ಬಿಸಿಲಿಗೆ ಒಣಗಿ ಚಕ್ಕೆಯಾಗಿದ್ದವು. ಗೋಡೆಯಿಂದ ಎಂಟು ಅಡಿಯವರೆಗೆ ಎಲ್ಲ ಹಳದಿ. ಅದರಾಚೆ ಹಸಿರು. ನಡುವಿನ ಗೆರೆ ಕತ್ತರಿ ಆಡಿಸಿದ ಹಾಗಿತ್ತು. ಹೊಲಿಯುವವಳ ಕಣ್ಣಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ಗೋಡೆಯ ಮೇಲಿಂದ ಯಾರೋ ಕಸ ಸುಡುವ ಎಣ್ಣಿ, ಕಳೆನಾಶಕ, ಹೊಡೆದಿದ್ದರು.

ಕೇಳಲು ಹೋದಾಗ ಬಾಳೇಶ ನಾಲ್ಕು ಜನ ಹಿರಿಯರನ್ನು ಕೂಡಿಸಿಕೊಂಡು ಹರಟುತ್ತಿದ್ದ. ಕುರ್ಚಿಯಿಂದ ಏಳಲೂ ಇಲ್ಲ.

“ಬಿಸಲಿಗೆ ಒಣಗ್ಯಾವಬೇ. ನೀ ಊರಾಗ ಇರಲಾರದಾಗ ನೀರ ಹಾಕವ್ರ ಯಾರು?” ಅಂದ. ಹಿರಿಯರು ನಕ್ಕರು.

ಆ ನಗು ಅವಳಿಗೆ ಗಿಡ ಸತ್ತದ್ದಕ್ಕಿಂತ ಆಳಕ್ಕೆ ನಾಟಿತು. ಪೊಲೀಸರ ಹತ್ತಿರ ಹೋಗೋಣವೆಂದು ಯಲ್ಲಾರಿ ಹೇಳಿದ. ಅವಳು ಬೇಡವೆಂದಳು. ಮರಿಗಳನ್ನು ಗೂಡಿನೊಂದಿಗೇ ಮಣ್ಣು ಮಾಡಿ, ಕೈ ತೊಳೆದು ಬಂದು, ಕುಪ್ಪಸದ ನಕ್ಷೆ ತೆಗೆಯುವ ಖಾಕಿ ಹಾಳೆಯನ್ನು ನೆಲಕ್ಕೆ ಹರವಿ ಸೀಮೆಸುಣ್ಣ ಹಿಡಿದಳು. ಬಾಳೇಶನ ಬಾಯಿಂದಲೇ ಖರೆ ಹೊರಡಿಸುತ್ತೇನೆ, ಅಲ್ಲಿಯವರೆಗೆ ಅವನಿಗೆ ನೆಮ್ಮದಿಯ ಒಂದು ಮುಂಜಾನೆಯೂ ಸಿಗಬಾರದು ಎಂದು ಮನಸ್ಸಿನಲ್ಲೇ ಗಂಟು ಹಾಕಿಕೊಂಡಳು.

ಟೇಪು ಹಿಡಿದು ಗೋಡೆ ಅಳೆದಳು. ಕಾರು ನಿಲ್ಲುವ ಜಾಗ, ಅದರ ಮೇಲೆ ಹಾದುಹೋಗುವ ಕರೆಂಟಿನ ತಂತಿ, ಎಲ್ಲವನ್ನೂ ಹಾಳೆಯ ಮೇಲೆ ಗುರುತಿಸಿದಳು. ಬೇಸಿಗೆಯಿಡೀ ಸುಟ್ಟ ಮಣ್ಣು ತೆಗೆಸಿ ಸಗಣಿಗೊಬ್ಬರ, ಕಬ್ಬಿನ ಒಣಗರಿಯ ರವದಿ ತುಂಬಿದಳು. ಮುಂಗಾರಿನ ಮಿರಗದ ಮಳೆ ಬಿದ್ದ ಮರುದಿನ ಗೋಡೆಯಿಂದ ನಾಲ್ಕಡಿ ಒಳಗೆ ಹಿಪ್ಪುನೇರಳೆಯ ಆರು ಕಡ್ಡಿ ಊರಿದಳು. ಅದರ ಹಣ್ಣೆಂದರೆ ಹಕ್ಕಿಗಳಿಗೆ ಪ್ರಾಣ. ಹಣ್ಣು ತಿಂದ ಹಕ್ಕಿಯ ಹಿಕ್ಕೆ ಕಡು ನೇರಳೆ ಬಣ್ಣದ್ದು, ಬಿದ್ದಲ್ಲಿನ ಕಲೆ ತೊಳೆದರೂ ಹೋಗದು. ಮೂಲೆಗೆ ನೀರಿನ ಮಣ್ಣಿನ ತಾಟು ಇಟ್ಟಳು. ಬೆಕ್ಕು ಹೊಂಚಲಾಗದಂತೆ ಅದರ ಸುತ್ತ ಬಯಲು ಬಿಟ್ಟಳು. ಗಿಡದ ಹತ್ತಿರ ಕೂರಲು ಎತ್ತರದ ಕೊಂಬೆ ಒಂದನ್ನೂ ಉಳಿಸಲಿಲ್ಲ. ಹೊಟ್ಟೆ ತುಂಬಿದ ಹಕ್ಕಿಗೆ ಕೂತು ಕೊಕ್ಕು ಒರೆಸಿಕೊಳ್ಳಲು ಕಾರಿನ ಮೇಲಿನ ಆ ತಂತಿಯೊಂದೇ ಉಳಿಯಿತು.

ಮುಂದಿನ ಮಾಘಕ್ಕೆ ಗಿಡಗಳು ಆಳೆತ್ತರವಾಗಿ ಕಪ್ಪಗೆ ಹಣ್ಣು ಬಿಟ್ಟವು. ಮೊದಲು ಪಿಕಳಾರ ಬಂದವು, ಹಿಂದೆಯೇ ಗೊರವಂಕ, ಕೋಗಿಲೆ. ಎಂಟು ದಿನದಲ್ಲಿ ಬಿಳಿ ಕಾರಿಗೆ ಸಿಡುಬು ಎದ್ದಂತಾಯಿತು. ಬಾಳೇಶ ಬೆಳಗಾದರೆ ಬಕೆಟ್ಟು ಹಿಡಿಯತೊಡಗಿದ. ಹೊದಿಕೆ ತಂದ, ಅದೂ ನೇರಳೆಯಾಗಿ ನಾರಿತು. ಓಣಿ ಸಣ್ಣದು, ಕಾರು ನಿಲ್ಲಿಸಲು ಬೇರೆ ಜಾಗವಿಲ್ಲ. ಔಷಧಿಗೆ ಬಂದ ರೈತರು, ಬಾಳೇಶಣ್ಣನ ಗಾಡಿಗೆ ಯಾವ ರೋಗ, ಯಾವ ಎಣ್ಣಿ ಹೊಡೀಬೇಕು ಎಂದು ಕೇಳಿ ನಗುತ್ತಿದ್ದರಂತೆ. ಈ ಮಾತು ಕಿವಿಗೆ ಬಿದ್ದ ದಿನ ಸತ್ತೆವ್ವ ಎರಡು ರೊಟ್ಟಿ ಹೆಚ್ಚು ಉಂಡಳು.

ಅವನು ಪಂಚಾಯತಿಗೆ ಅರ್ಜಿ ಕೊಟ್ಟ. ಮೆಂಬರು ಅಲ್ಲಪ್ಪ ಬಂದು ನೋಡಿದ. ಒಂದು ಟೊಂಗೆಯೂ ಗೋಡೆ ದಾಟಿರಲಿಲ್ಲ. ಹಕ್ಕಿಗೆ ನೋಟಿಸು ಕೊಡಲು ಬರುವುದಿಲ್ಲವೆಂದು ಹೇಳಿ ಅವನು ಚಹಾ ಕುಡಿದು ಹೋದ.

ಇನ್ನು ಬಾಳೇಶನಿಗೆ ಉಳಿದದ್ದು ಹಳೆಯ ದಾರಿಯೊಂದೇ ಎಂದು ಸತ್ತೆವ್ವ ಲೆಕ್ಕ ಹಾಕಿದ್ದಳು. ಒಂದು ದಿನ ಬಾಳೇಶನ ಹೆಂಡತಿ ವಿದ್ಯಾ ಕುಪ್ಪಸ ಒಯ್ಯಲು ಬಂದಾಗ, ನಾಳೆ ಘೋಡಗೇರಿಗೆ ಹೋಗುತ್ತೇನೆ, ಬರುವುದು ನಾಲ್ಕು ದಿನವಾಗಬಹುದು ಎಂದು ಸತ್ತೆವ್ವ ಅವಳ ಕಿವಿಗೆ ಹಾಕಿದಳು. ಮರುದಿನ ನಸುಕಿನಲ್ಲಿ ಯಲ್ಲಾರಿ ಮುಂದಿನ ಬಾಗಿಲಿಗೆ ಹೊರಗಿನಿಂದ ಕೀಲಿ ಜಡಿದು ಕೆಲಸಕ್ಕೆ ಹೋದ. ಒಳಗೆ ಕಿಟಕಿ ಮುಚ್ಚಿಕೊಂಡು ಸತ್ತೆವ್ವ ಕೂತಿದ್ದಳು. ಜೊತೆಗೆ ಓಣಿಯ ಐದು ಹೆಂಗಸರು. ಅವರಲ್ಲಿ ಅಲ್ಲಪ್ಪನ ತಾಯಿಯೂ ಇದ್ದಳು.

ಬೆಳಕು ಹರಿಯುತ್ತಿದ್ದಂತೆ ಗೋಡೆಯ ಮೇಲೆ ಬಾಳೇಶನ ತಲೆ ಎದ್ದಿತು. ಬೆನ್ನಿಗೆ ಪಂಪು, ಮೂಗಿಗೆ ಟವೆಲು. ನಳಿಗೆಯನ್ನು ಈಚೆಗೆ ಚಾಚಿದ್ದೇ ತಡ, ಸತ್ತೆವ್ವ ಕಿಟಕಿ ತೆಗೆದಳು.

“ಹೊಡೀರಿ ಬಾಳೇಶಣ್ಣ. ಹೋದ ವರ್ಷ ನೋಡಾಕ ಆಗಿರಲಿಲ್ಲ, ಈ ಸಲ ಎಲ್ಲಾರೂ ಕೂಡಿ ನೋಡ್ತೇವಿ.”

ಐದೂ ಮುಖಗಳು ಕಿಟಕಿಗೆ ಬಂದವು. ಬಾಳೇಶ ಏಣಿಯ ಮೇಲೆ ಇಳಿಯಲೂ ಆಗದೆ ನಿಲ್ಲಲೂ ಆಗದೆ ಉಳಿದ. ಗದ್ದಲ ಕೇಳಿ ವಿದ್ಯಾ ಅಂಗಳಕ್ಕೆ ಬಂದು ಗಂಡನನ್ನು ನೋಡಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

“ಹೋದ ವರ್ಷ ಯಾರ ಹೊಡದ್ರು, ಅಷ್ಟ ಹೇಳ್ರಿ” ಎಂದಳು ಸತ್ತೆವ್ವ. ದನಿ ಏರಲಿಲ್ಲ.

ಅವನು ನಳಿಗೆ ಕೆಳಗಿಳಿಸಿ, “ನಾನ ಹೊಡದೀನಿ. ತಪ್ಪಾತು” ಅಂದ.

ಸಂಜೆಯೊಳಗೆ ಮಾತು ಊರು ಸುತ್ತಿತು. ಅಂದು ನಕ್ಕ ಹಿರಿಯರಲ್ಲಿ ಒಬ್ಬ ಬಂದು, ಒಪ್ಪಿಕೊಂಡಾಯಿತಲ್ಲ, ಇನ್ನು ಆ ಗಿಡ ಕಡಿದುಬಿಡು ಎಂದು ಸಮಾಧಾನ ಹೇಳಿದ. ಸತ್ತೆವ್ವ ನೀರು ಕೊಟ್ಟು ಕಳಿಸಿದಳು.

ಶ್ರಾವಣ ಮುಗಿಯುತ್ತ ಬಂದಾಗ ಅವಳು ಕುಡಗೋಲು ಹಿಡಿದು ಹಿತ್ತಲಿಗೆ ಇಳಿದಳು. ಕಡೆಗೂ ಮನಸ್ಸು ಕರಗಿತೆಂದು ಯಲ್ಲಾರಿ ಅಂದುಕೊಂಡ. ಅವಳು ಗಿಡಗಳ ತಲೆಯನ್ನಷ್ಟೇ ಸವರುತ್ತಿದ್ದಳು. ಹಿಪ್ಪುನೇರಳೆಯನ್ನು ಹೀಗೆ ಸವರಿದರೆ ಆರೇಳು ವಾರಕ್ಕೆ ಹೊಸ ಚಿಗುರಿನೊಂದಿಗೆ ಮತ್ತೆ ಹಣ್ಣು ಬಿಡುತ್ತದೆ.

“ತಪ್ಪಾತು ಅಂದನಲ್ಲ, ಇನ್ನ್ಯಾಕ ಹಟ?” ಎಂದು ಅವನು ಕೇಳಿದ.

“ನನಗ ತಪ್ಪಾತು ಅಂದಾನ. ಆ ಮರಿಗೆ ಅಂದಿಲ್ಲ” ಎಂದು ಸತ್ತೆವ್ವ ಇನ್ನೊಂದು ಟೊಂಗೆ ಬಗ್ಗಿಸಿ ಹಿಡಿದಳು. ಊರವರು ಗಾಡಿಗಳನ್ನು ತೊಳೆದು ಪೂಜೆ ಮಾಡುವ ಮಾನವಮಿಗೆ ಇನ್ನು ಸರಿಯಾಗಿ ಏಳು ವಾರವಿತ್ತು.