ಕರೂರಿನ ಗದ್ದೆಗಿಳಿದ ಅಂಗಿ

ಜಯಶ್ರೀ ಎಂಬ ಹೆಸರು ಕೇಳಿದರೆ ಮೊದಮೊದಲು ನನಗೆ ಪಿತ್ತ ನೆತ್ತಿಗೇರುತ್ತಿತ್ತು. ನಾನು ಪದ್ಮಾಬಾಯಿ, ಬಳ್ಳಾರಿಯ ಒಂದು ಸರಕಾರಿ ಕಾಲೇಜಿನ ಕಚೇರಿಯಲ್ಲಿ ಕ್ಲರ್ಕು. ಅಡ್ಮಿಷನ್ನು, ಟಿಸಿ, ಅಂಕಪಟ್ಟಿ ಎಲ್ಲವೂ ನನ್ನ ಮೇಜು ದಾಟಿಯೇ ಹೋಗಬೇಕು. ಸೇರಿದ ಮಕ್ಕಳು ಸೇರಿದ ಕೋರ್ಸನ್ನೇ ಓದಿ ಹೊರಬಿದ್ದರೆ ಅವರಿಗೂ ನೆಮ್ಮದಿ, ನನಗೂ ನೆಮ್ಮದಿ. ಈ ಹುಡುಗಿ ಹಾಗಲ್ಲ. ಬಿಎಸ್ಸಿಗೆ ಸೇರಿದಳು, ವರ್ಷ ತುಂಬುವುದರೊಳಗೆ ಬಿಟ್ಟಳು. ಬಿಕಾಂಗೆ ಬಂದಳು, ಒಂದು ಸೆಮಿಸ್ಟರ್ ಕೂತು ಎದ್ದಳು. ಮತ್ತೆ ಬಿಎ ಅರ್ಜಿ ಹಿಡಿದು ನನ್ನ ಕಿಟಕಿಯ ಮುಂದೆ ಬಂದು ನಿಂತಾಗ ನಾನು ಕನ್ನಡಕ ತೆಗೆದು ಮೇಜಿನ ಮೇಲಿಟ್ಟೆ.

"ಏನವಾ, ಇದೇನು ಕಾಲೇಜೋ ಸೀರಿ ಅಂಗಡಿಯೋ? ಒಂದೊಂದ ಬಿಚ್ಚಿಸಿ ನೋಡಿ ಬ್ಯಾಡ ಅಂತೀಯಲ್ಲ!"

"ಇದೊಂದ ಲಾಸ್ಟ್ ಮೇಡಮ್. ಬಿಎ ಕ್ಲಾಸು ಮುಂಜಾನಿ ಅದಾವು, ಮಧ್ಯಾಹ್ನ ಬಿಡುವು. ಜೀನ್ಸ್ ಕಾರ್ಖಾನಿಗೆ ಹೋಗಾಕ ಹತ್ತೀನ್ರಿ."

"ಕಾರ್ಖಾನಿಗೆ ಹೋಗೋಕಿ ಕಾಲೇಜಿಗ್ಯಾಕ ಬರ್ತಿ?"

"ಡಿಸೈನರ್ ಆಗಬೇಕ್ರಿ."

ಪಕ್ಕದ ಮೇಜಿನವರು ಕಿಸಕ್ಕನೆ ನಕ್ಕರು. ನಾನೂ ನಕ್ಕೆ. ಅವಳು ನಗಲೂ ಇಲ್ಲ, ಅಳಲೂ ಇಲ್ಲ. ಅರ್ಜಿಯನ್ನು ಕಿಟಕಿಯೊಳಕ್ಕೆ ಇನ್ನಷ್ಟು ತಳ್ಳಿದಳು. ಬೈದುಕೊಂಡೇ ಸೀಲು ಹೊಡೆದೆ.

ಅವಳ ಊರು ಸಿರುಗುಪ್ಪ ತಾಲ್ಲೂಕಿನ ಕರೂರು. ಅಪ್ಪ ಮಾರೆಣ್ಣ ಬೇರೆಯವರ ಗದ್ದೆಗೆ ನೀರು ಕಟ್ಟುವವನು. ಅವ್ವ ಹಂಪಮ್ಮ ಭತ್ತದ ನಾಟಿ ಮಾಡುವ ಹೆಣ್ಣುಮಕ್ಕಳ ಗುಂಪಿಗೆ ಮುಂದಾಳು. ಮಗಳು ಟೀಚರ್ ಆಗಬೇಕು, ಸರಕಾರಿ ನೌಕರಿ ಹಿಡಿಯಬೇಕು ಎಂಬುದು ಹಂಪಮ್ಮನ ಹಟ. ಡಿಸೈನ್ ಕಲಿಸುವ ಕಾಲೇಜುಗಳೇ ಬೇರೆ ಇವೆ, ಅವಕ್ಕೆ ಪ್ರವೇಶ ಪರೀಕ್ಷೆ ಬೇರೆ ಇದೆ ಎನ್ನುವುದು ಜಯಶ್ರೀಗೆ ಗೊತ್ತಾಗುವ ಹೊತ್ತಿಗೆ ಪಿಯುಸಿ ಮುಗಿದು ಬಹಳ ದಿನವಾಗಿತ್ತು. ಹಾಗಾಗಿ ಅವಳೇ ಒಂದು ದಾರಿ ಹುಡುಕಿಕೊಂಡಳು: ಅವ್ವನಿಗಾಗಿ ಡಿಗ್ರಿ, ತನಗಾಗಿ ಕಾರ್ಖಾನೆ. ಬಿಎಸ್ಸಿ, ಬಿಕಾಂ ಬಿಟ್ಟದ್ದೂ ಇದಕ್ಕೇ. ಆ ತರಗತಿಗಳು ಸಂಜೆಯವರೆಗೂ ಹಿಡಿದು ಕೂರಿಸುತ್ತಿದ್ದವು.

ಕಾರ್ಖಾನೆ ಎಂದರೆ ಕೌಲ್‌ಬಜಾರಿನ ಕಡೆ ತಿಪ್ಪೇರುದ್ರಪ್ಪ ಎಂಬವರು ನಡೆಸುವ ಸಣ್ಣ ಜೀನ್ಸ್ ಘಟಕ. ಮೊದಲು ಹೊಲಿದ ಪ್ಯಾಂಟಿನ ದಾರದ ತುದಿ ಕತ್ತರಿಸುವ ಕೆಲಸ, ಆಮೇಲೆ ಜೇಬು ಕೂರಿಸುವ ಕೆಲಸ. ಒಂದು ದಿನ ಅವಳು ನನ್ನ ಮೇಜಿನ ಮೇಲೆ ಒಂದು ಚೀಲ ತಂದಿಟ್ಟಳು. ಕತ್ತರಿಸಿ ಉಳಿದ ಜೀನ್ಸ್ ತುಂಡುಗಳಲ್ಲಿ ಹೊಲಿದದ್ದು. ಒಳಗೆ ಮಜ್ಜಿಗೆ ಬಾಟಲಿಗೆಂದೇ ಒಂದು ಉದ್ದನೆಯ ಗೂಡು. ನನ್ನ ಮಜ್ಜಿಗೆ ಬ್ಯಾಗಿನೊಳಗೆ ಚೆಲ್ಲಿ, ನಾನು ದಿನ ಬಿಟ್ಟು ದಿನ ರೇಗಾಡುವುದನ್ನು ಅವಳು ಕಿಟಕಿಯಾಚೆಯಿಂದ ನೋಡಿದ್ದಳಂತೆ. ಅವತ್ತಿನಿಂದ ಮಜ್ಜಿಗೆ ಚೆಲ್ಲಲಿಲ್ಲ, ನನ್ನ ಸಿಟ್ಟೂ ಚೆಲ್ಲಲಿಲ್ಲ. ಈ ಹುಡುಗಿಯ ತಲೆಯಲ್ಲಿ ಏನೋ ಇದೆ ಎಂದು ನನಗೆ ಖುಷಿಯಾಗತೊಡಗಿತು.

ಬಿಎ ಕೊನೆಯ ವರ್ಷ ಇಂಟರ್ನ್‌ಶಿಪ್ ಎಂಬುದೊಂದು ಬಂತು. ಎಲ್ಲರೂ ಯಾವುದೋ ಕಚೇರಿಯಲ್ಲಿ ನಾಲ್ಕು ದಿನ ಕೂತು ಸಹಿ ಹಾಕಿಸಿಕೊಂಡು ಬರುವವರೇ. ಜಯಶ್ರೀ ಮಾತ್ರ ಜೀನ್ಸ್ ಘಟಕದ ಹೆಸರು ಬರೆದಳು. ನಾಟಿ ಮಾಡುವ ಹೆಂಗಸರಿಗೆ ಅಂಗಿ ಹೊಲಿಯುವುದು ತನ್ನ ಕೆಲಸ ಎಂದಳು. ಅವಳ ಸಮಾಜಶಾಸ್ತ್ರ ವಿಭಾಗದವರು ಅದು ತಮ್ಮ ವಿಷಯವೇ ಅಲ್ಲ ಎಂದರು. ನನಗೆ ತಡೆಯಲಾಗಲಿಲ್ಲ, ಪ್ರಿನ್ಸಿಪಾಲರ ಕೋಣೆಗೇ ನುಗ್ಗಿದೆ.

"ಸರ್, ಹಳ್ಳಿ ಹೆಣ್ಮಕ್ಕಳು ಏನು ಉಡ್ತಾರ, ಯಾಕ ಉಡ್ತಾರ ಅನ್ನೋದು ಸಮಾಜದಾಗ ಬರೂದಿಲ್ಲೇನು? ಹಂಗಾದ್ರ ಸಮಾಜ ಎಲ್ಲದ, ಆಕಾಶದಾಗ?"

ಒಪ್ಪಿಗೆ ಸಿಕ್ಕಿತು. ಕೆಲಸ ನಡೆದಿದೆಯೋ ಇಲ್ಲವೋ ಎಂದು ಹೋಗಿ ನೋಡಿ ಬರುವ ಹೊಣೆಯನ್ನು ನನ್ನ ತಲೆಗೇ ಕಟ್ಟಿದರು. ಬಾಯಿ ಬಿಟ್ಟವಳಿಗೆ ಶಿಕ್ಷೆ!

ನಮ್ಮ ಕಡೆ ನಾಟಿಗೆ ಇಳಿಯುವ ಹೆಂಗಸರು ಸೀರೆಯ ಮೇಲೆ ಗಂಡಸರ ಅಂಗಿ ತೊಡುತ್ತಾರೆ. ಬಿಸಿಲಿಗೆ, ಕೆಸರಿಗೆ, ಸಸಿಯ ಗರಿ ಕೈ ಕೊಯ್ಯದಂತೆ. ಗಂಡನದೋ ಮಗನದೋ ಹರಿದ ಅಂಗಿ. ಭುಜ ಜಾರುತ್ತದೆ, ತೋಳು ನೀರಿಗೆ ಬೀಳುತ್ತದೆ. ಎದೆಯ ಮೇಲೆ ಜೇಬೇನೋ ಇದೆ, ಆದರೆ ದಿನವಿಡೀ ಬಗ್ಗಿದವರಿಗೆ ಅದರಿಂದ ಏನು ಉಪಯೋಗ? ಎಷ್ಟೋ ಜನರ ಮೊಬೈಲುಗಳು ಗದ್ದೆಯ ನೀರಿಗೆ ಬಿದ್ದು ಸತ್ತಿವೆ.

ಜಯಶ್ರೀ ಮೊದಲು ಮಾಡಿದ್ದು ಬಳ್ಳಾರಿಯವರು ಮಾತ್ರ ಮಾಡಬಹುದಾದ ತಪ್ಪು. ಇಡೀ ಊರೇ ಜೀನ್ಸ್ ಹೊಲಿಯುತ್ತದಲ್ಲ, ಇವಳೂ ಜೀನ್ಸ್ ಬಟ್ಟೆಯಲ್ಲೇ ಅಂಗಿ ಹೊಲಿದಳು! ಸ್ವಂತ ಊರಲ್ಲಿ ನಗೆಪಾಟಲಾಗುವುದು ಬೇಡವೆಂದು ಕುರುಗೋಡು ಕಡೆಯ ಬಾದನಹಟ್ಟಿಗೆ, ಚಿಕ್ಕವ್ವ ಪಾರಮ್ಮನ ಹತ್ತಿರ ಒಯ್ದಳು. ಪಾರಮ್ಮ ತೊಟ್ಟು ಗದ್ದೆಗಿಳಿದಳು. ಬಟ್ಟೆ ನೀರು ಕುಡಿಯಿತು. ಸ್ವಲ್ಪ ಹೊತ್ತಿಗೆಲ್ಲ ಪಾರಮ್ಮ ಬದುವಿನ ಮೇಲೆ ಬಂದು ಕೂತುಬಿಟ್ಟಳು.

"ಯವ್ವಾ, ಇದೇನ ಅಂಗಿನೋ ಎಮ್ಮಿ ಕರುನೋ? ಹೊತ್ಕೊಂಡು ನಾಟಿ ಮಾಡು ಅಂತೀಯೇನ?"

ಮೇಲಾಗಿ ಬಣ್ಣವೂ ಬಿಟ್ಟಿತ್ತು. ಪಾರಮ್ಮನ ಕುತ್ತಿಗೆ, ಕೈ, ಹೊಸ ರವಿಕೆ ಎಲ್ಲ ನೀಲಿ. ಆ ಸುದ್ದಿ ಜಯಶ್ರೀಗಿಂತ ಮೊದಲೇ ಕರೂರು ಮುಟ್ಟಿತು.

ನಾನು ಪರಿಶೀಲನೆಗೆಂದು ಆಟೋ ಹಿಡಿದು ಘಟಕಕ್ಕೆ ಹೋದದ್ದು ಇದರ ಮರುವಾರ. ಒಳಗೆ ಮಿಷನ್ನುಗಳ ಗದ್ದಲ. ಆ ಗದ್ದಲವನ್ನೂ ಮೀರಿ ತಿಪ್ಪೇರುದ್ರಪ್ಪನವರ ದನಿ.

"ನೋಡವಾ, ಜೀನ್ಸ್ ವ್ಯಾಪಾರ ಮೊದ್ಲಿನಂಗಿಲ್ಲ. ಸಿರುಗುಪ್ಪದ ವ್ಯಾಪಾರಸ್ಥರು ಹೊಲದ ಕೆಲಸದ ಬಟ್ಟಿ ಕೇಳ್ಯಾರಂತ ನಿನಗ ಬಿಟ್ಟೆ. ನೀನು ನೀಲಿ ಬಳದು ಕುಂದ್ರಿಸಿದಿ. ನಮ್ಮ ಡಿಸೈನರ್ ಬಿಟ್ಟು ಹೋಗ್ಯಾನ, ಆ ಜಾಗಕ್ಕ ಡಿಪ್ಲೊಮಾ ಮಾಡಿದ ಹುಡುಗನ್ನ ಹೊರಗಿಂದ ಕರಸ್ತೀನಿ. ನೀನು ಬಿಎ ಮುಗಿಸಿ ಟೀಚರ್ ಆಗು."

"ಇನ್ನೊಂದು ಸಲ ಕೊಡ್ರಿ," ಎಂದಳು ಜಯಶ್ರೀ. ಕಣ್ಣು ತುಂಬಿತ್ತು, ದನಿ ಮಾತ್ರ ಗಟ್ಟಿ. "ನಾಟಿ ಇನ್ನೂ ಮುಗದಿಲ್ಲ. ಈ ಸಲ ನಮ್ಮೂರಾಗ, ನಮ್ಮವ್ವನ ಗುಂಪಿಗೆಲ್ಲ ಹೊಲೀತೀನಿ. ನಡೀತಂದ್ರ ಆ ಜಾಗ ನನಗ ಕೊಡ್ರಿ."

ತಿಪ್ಪೇರುದ್ರಪ್ಪ ನನ್ನ ಕಡೆ ನೋಡಿದರು. ನಾನು ಅವರನ್ನು ದುರುಗುಟ್ಟಿ ನೋಡುತ್ತಲೇ ನಿಂತಿದ್ದೆ.

"ಆತು. ಮೇಡಮ್ಮೋರ ಸಾಕ್ಷಿ. ಮುಂಜಾನಿ ಹಾಕ್ಕೊಂಡ ಅಂಗಿ ಸಂಜೀತನಕ ಆ ಹೆಣ್ಮಕ್ಕಳ ಮೈಮ್ಯಾಲ ಇರಬೇಕು. ನಡುವ ಬಿಚ್ಚಿದ್ರಂದ್ರ ನೀನೂ ಇಲ್ಲ, ನಿನ್ನ ಡಿಸೈನೂ ಇಲ್ಲ."

ಅಲ್ಲಿಂದ ಮುಂದಿನ ದಿನಗಳನ್ನು ನೆನೆದರೆ ನನಗೆ ಈಗಲೂ ಮೈ ಬಿಸಿಯಾಗುತ್ತದೆ. ತರಗತಿ ಮುಗಿದ ಕೂಡಲೇ ಅವಳು ಓಡುತ್ತಿದ್ದಳು. ಬೇಗ ಒಣಗುವ ತೆಳು ಹತ್ತಿ ಬಟ್ಟೆ ಹುಡುಕಿದಳು. ತೋಳನ್ನು ಮೊಣಕೈಗಿಂತ ತುಸು ಕೆಳಕ್ಕೆ ನಿಲ್ಲಿಸಿ ಗುಂಡಿ ಇಟ್ಟಳು. ಕರೂರಿಗೆ ಹೋಗಿ ಒಬ್ಬೊಬ್ಬರ ಅಳತೆಯನ್ನೂ ಎರಡೆರಡು ಸಲ ತೆಗೆದಳು, ನಿಂತಾಗ ಒಮ್ಮೆ, ಬಗ್ಗಿದಾಗ ಒಮ್ಮೆ. ಬಗ್ಗಿದಾಗ ಬೆನ್ನು ಎಷ್ಟು ಉದ್ದವಾಗುತ್ತದೆ ಎಂದು ಯಾವ ದರ್ಜಿ ನೋಡಿದ್ದಾನೆ ಹೇಳಿ! ಕಡೆಗೊಂದು ಮಧ್ಯಾಹ್ನ ಹೊಸ ಅಂಗಿ ಹಿಡಿದು ಕಚೇರಿಗೆ ಏದುಸಿರು ಬಿಡುತ್ತ ಬಂದವಳೇ, "ಮೇಡಮ್, ಜೇಬು ಬೆನ್ನಮ್ಯಾಲ!" ಎಂದು ಕೂಗಿದಳು.

ಎಲ್ಲರೂ ತಲೆ ಎತ್ತಿ ನೋಡಿದರು. ಅವಳಿಗೆ ಅದರ ಪರಿವೆಯೇ ಇಲ್ಲ. ಸೊಂಟದ ಮೇಲೆ, ಬೆನ್ನಿನ ಕೆಳಭಾಗದಲ್ಲಿ ಜೇಬು. ಅದರ ಬಾಯಿ ಮೇಲಕ್ಕೂ ಅಲ್ಲ, ಕೆಳಕ್ಕೂ ಅಲ್ಲ, ಬಲಗೈ ಕಡೆಗೆ, ಮೇಲೊಂದು ಮುಚ್ಚಳ. ನಿಂತರೂ ಬೀಳುವುದಿಲ್ಲ, ಬಗ್ಗಿದರೂ ಬೀಳುವುದಿಲ್ಲ. ನನ್ನ ಮೊಬೈಲನ್ನೇ ಇಟ್ಟು ತೋರಿಸಿದಳು. ನಾನು ಕಚೇರಿಯ ನಡುವೆ, ಆ ಅಂಗಿ ತೊಟ್ಟು, ಈ ವಯಸ್ಸಿನಲ್ಲಿ ನೆಲ ಮುಟ್ಟಲು ಬಗ್ಗಿದೆ. ಸೊಂಟ ಹಿಡಿಯಿತು. ಮೊಬೈಲು ಮಾತ್ರ ಬೀಳಲಿಲ್ಲ.

ಕರೂರಿನಲ್ಲಿ ಅಂಗಿಗಳ ಪರೀಕ್ಷೆಗೆಂದು ಗೊತ್ತುಮಾಡಿದ ದಿನ ನಾನು ರಜೆ ಹಾಕಿ ಮೊದಲ ಬಸ್ಸಿಗೇ ಸಿರುಗುಪ್ಪಕ್ಕೆ ಹೋಗಿ, ಅಲ್ಲಿಂದ ಕರೂರಿನ ಬಸ್ಸು ಹತ್ತಿದೆ. ತಿಪ್ಪೇರುದ್ರಪ್ಪ ಕಾರಿನಲ್ಲಿ ಬಂದಿದ್ದರು. ಕಾಲುವೆಯ ನೀರು ತುಂಬಿದ ಗದ್ದೆ, ಸಾಲಾಗಿ ನಿಂತ ಹೆಂಗಸರು. ಹಂಪಮ್ಮ ಮಗಳ ಮುಖವನ್ನೂ ನೋಡದೆ ಅಂಗಿ ತೊಟ್ಟಳು. ಮಗಳು ಗೆದ್ದರೆ ಟೀಚರ್ ಕನಸು ಹೋಯಿತು, ಸೋತರೆ ಊರಿನ ಮುಂದೆ ಮಾನ ಹೋಯಿತು. ಅವಳ ಸಂಕಟ ನನಗೆ ಅರ್ಥವಾಗುತ್ತಿತ್ತು. ಗುಂಪಿನ ಹಿರಿಯಳು ಪಕ್ಕೀರಮ್ಮ. ಅವಳು ಅಂಗಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಎಲೆ ಅಡಿಕೆ ಚೀಲವನ್ನು ಬೆನ್ನ ಜೇಬಿಗೆ ತುರುಕಿ, ಗದ್ದೆಗಿಳಿದಳು.

ಬೆಳಿಗ್ಗೆಯೆಲ್ಲ ನಾಟಿ ಭರದಿಂದ ಸಾಗಿತು. ಬಗ್ಗಿದ ಬೆನ್ನುಗಳ ಸಾಲು ಹಿಂದೆ ಹಿಂದೆ ಸರಿಯುತ್ತಿತ್ತು, ಯಾರೂ ತೋಳು ಏರಿಸಿಕೊಳ್ಳಲು ನಿಲ್ಲಲಿಲ್ಲ. ಸಾಲಿನ ನಡುವೆ ಯಾರದೋ ಫೋನು ಬೆನ್ನ ಮೇಲೆ ಹಾಡತೊಡಗಿತು. ಪಕ್ಕದವಳು ಒದ್ದೆ ಕೈ ಒರೆಸಿಕೊಂಡು ಅದನ್ನು ತೆಗೆದು ಇವಳ ಕಿವಿಗೆ ಹಿಡಿದಳು. ಬಗ್ಗಿದವಳು ಬಗ್ಗಿದಂತೆಯೇ ಮಾತಾಡಿ ಮುಗಿಸಿದಳು! ನಾನು ಬದುವಿನ ಮೇಲೆ ಕುಣಿಯುವುದೊಂದು ಬಾಕಿ.

ಮಧ್ಯಾಹ್ನ ಬುತ್ತಿಯ ಹೊತ್ತಾಯಿತು. ಹೆಂಗಸರು ಮೇಲೆ ಬಂದರು, ಕೈಕಾಲು ತೊಳೆದರು. ಆಮೇಲೆ ಪಕ್ಕೀರಮ್ಮ ಅಂಗಿಯ ಗುಂಡಿ ಬಿಚ್ಚತೊಡಗಿದಳು. ಅವಳ ಹಿಂದೆ ಇನ್ನೊಬ್ಬಳು, ಮತ್ತೊಬ್ಬಳು. ನೋಡನೋಡುತ್ತ ಎಲ್ಲರೂ ಬಿಚ್ಚಿದರು, ಹಂಪಮ್ಮನೂ ಬಿಚ್ಚಿದಳು.

ಜಯಶ್ರೀ ಬದುವಿನ ಮೇಲೆಯೇ ಕುಸಿದು ಕೂತಳು. ತಿಪ್ಪೇರುದ್ರಪ್ಪ ಕಾರಿನ ಕೀಲಿ ಕೈಗೆ ತೆಗೆದುಕೊಂಡರು.

"ನೋಡಿದ್ರಲ್ಲ ಮೇಡಮ್. ಮಾತಂದ್ರ ಮಾತು."

ನಾನು ಸಿಟ್ಟಿನಿಂದ ಪಕ್ಕೀರಮ್ಮನ ಹತ್ತಿರ ಹೋದೆ. "ಅಲ್ಲ ತಾಯಿ, ಆ ಹುಡುಗಿ ಹೊಟ್ಟಿ ಮ್ಯಾಲ ಯಾಕ ಹೊಡದ್ರಿ? ಏನು ಕಡಿಮಿ ಆಗಿತ್ತು ಆ ಅಂಗೀಗೆ?"

ಪಕ್ಕೀರಮ್ಮ ಕಣ್ಣರಳಿಸಿದಳು. ಕೈಯಲ್ಲಿದ್ದ ಅಂಗಿಯನ್ನು ಮಡಿಸುತ್ತಲೇ ಇದ್ದಳು. ನಾನು ಆಗ ಸುತ್ತ ನೋಡಿದೆ. ಎಲ್ಲರ ಅಂಗಿಗಳೂ ಮಡಿಕೆಯಾಗಿ, ಬುತ್ತಿಯಿಂದ ದೂರ, ಒಣಗಿದ ಹುಲ್ಲಿನ ಮೇಲೆ ಕೂತಿದ್ದವು.

"ಕಡಿಮಿ ಏನಾಗೇತಬೇ? ಉಣ್ಣಾಕ ಕುಂತೀವಿ, ಸಾರು ಚೆಲ್ಲಿದ್ರ ಕಲಿ ಆಗತೈತಿ ಅಂತ ಬಿಚ್ಚಿಟ್ಟೀವಿ."

"ದಿನಾ ಬಿಚ್ಚಿಡ್ತೀರೇನು?"

"ದಿನಾ ಯಾಕ ಬಿಚ್ತೀವಿ? ಅವು ಗಂಡಂದಿರ ಹಳೇ ಅಂಗಿ, ಉಂಡು ಅದಕ್ಕ ಕೈ ಒರಸ್ಕೊಂತೀವಿ. ಇದು ನನ್ನ ಅಳತಿ ತಗಂಡು ನನಗಂತ ಹೊಲದದ್ದು. ಮೊಮ್ಮಕ್ಕಳನ್ನ ಕಂಡೀನಿ, ನನ್ನ ಮೈಗಂತ ಒಬ್ರು ಅಂಗಿ ಹೊಲದದ್ದು ಇದ ಮೊದಲು."

ತಿಪ್ಪೇರುದ್ರಪ್ಪನವರ ಕಾಲು ನಿಂತಲ್ಲೇ ನಿಂತಿತು. ಅವರು ಕೀಲಿಯನ್ನು ಜೇಬಿಗೆ ಹಾಕಿಕೊಂಡು ಬಂದು ಹುಲ್ಲಿನ ಮೇಲಿನ ಅಂಗಿಗಳನ್ನು ನೋಡುತ್ತ ನಿಂತರು. ಯಾರೋ ಅವರ ಕೈಗೂ ಒಂದು ರೊಟ್ಟಿ ಪಲ್ಯ ಕೊಟ್ಟರು. ಉಂಡರು. ಊಟವಾದ ಮೇಲೆ ಹೆಂಗಸರು ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಮತ್ತೆ ಅಂಗಿ ತೊಟ್ಟು ಗುಂಡಿ ಹಾಕಿಕೊಂಡು ನೀರಿಗಿಳಿದರು. ಜಯಶ್ರೀ ಅಳುತ್ತಿದ್ದಳೋ ನಗುತ್ತಿದ್ದಳೋ ಹೇಳುವುದು ಕಷ್ಟ. ನಾನಂತೂ ಅಳುತ್ತಿದ್ದೆ.

ಸಂಜೆ ಕೆಲಸ ಬಿಟ್ಟಾಗ ತಿಪ್ಪೇರುದ್ರಪ್ಪ ಗಂಟಲು ಸರಿಮಾಡಿಕೊಂಡರು. "ಯವ್ವಾರೇ, ಇವು ಸ್ಯಾಂಪಲ್ಲು. ವಾಪಸ್ ಕೊಡ್ರಿ, ವ್ಯಾಪಾರಸ್ಥರಿಗೆ ತೋರಿಸಬೇಕು."

ಒಬ್ಬರೂ ಅಲುಗಾಡಲಿಲ್ಲ.

"ಯಾಕ ಕೊಡಬೇಕು?" ಎಂದಳು ಪಕ್ಕೀರಮ್ಮ. "ಬೇಕಾದ್ರ ನಮ್ಮ ಗಂಡಂದಿರ ಅಂಗಿ ಒಯ್ದು ತೋರಸು, ಹೋಗು."

ಗದ್ದೆಯೇ ನಕ್ಕಿತು. ಉಳಿದವರೂ ಬಾಯಿಗೆ ಬಂದದ್ದು ಅಂದರು. ಟ್ರ್ಯಾಕ್ಟರ್ ಬಂತು. ಎಲ್ಲರೂ ಟ್ರಾಲಿ ಹತ್ತಿ, ಒತ್ತಾಗಿ ಕೂತು, ಅಂಗಿ ತೊಟ್ಟೇ ಹೊರಟುಬಿಟ್ಟರು.

ತಿಪ್ಪೇರುದ್ರಪ್ಪ ಜಯಶ್ರೀ ಕಡೆ ತಿರುಗಿದರು. "ನೀನಾರ ಕೇಳಲೇ!"

"ನಾ ಕೇಳೂದಿಲ್ಲರಿ. ಅವರವರ ಅಳತಿ ಅದು, ಬ್ಯಾರೆಯವ್ರಿಗೆ ಕೂಡೂದಿಲ್ಲ."

"ಆತು ಬಿಡವಾ. ಡಿಸೈನರ್ ಹೇಳಿದ ಮ್ಯಾಲ ಮುಗೀತು," ಎಂದು ಅವರು ಕೈ ಮುಗಿದರು. "ನಾಳಿಗೆ ಆ ಡಿಪ್ಲೊಮಾ ಹುಡುಗಗ ಬರಬ್ಯಾಡ ಅಂತ ಫೋನ್ ಮಾಡ್ತೀನಿ. ನೀನು ಕ್ಲಾಸು ಮುಗದ ಕೂಡ್ಲೇ ಬಾ."

ನಾನು ಜಯಶ್ರೀಯನ್ನು ಗಟ್ಟಿಯಾಗಿ ಅಪ್ಪಿಕೊಂಡೆ. ನನ್ನ ಇಳಕಲ್ ಸೀರೆಗೆಲ್ಲ ಕೆಸರು ಬಳಿದುಕೊಂಡಿತು, ಬಳಿಯಲಿ.

ಟ್ರಾಲಿ ಹತ್ತದೆ ಹಿಂದೆ ಉಳಿದವಳು ಹಂಪಮ್ಮ ಒಬ್ಬಳೇ. ಬೆಳಗಿನಿಂದ ಮಾತಾಡದವಳು ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದಳು.

"ಮೇಡಮ್ಮೋರ, ನೀವು ಕಾಲೇಜಿನಾಗ ಇರೋರು, ಖರೇ ಹೇಳ್ರಿ. ಈ ಡಿಸೈನರ್ ಅಂದ್ರ ಸರಕಾರಿ ನೌಕರಿಗಿಂತ ದೊಡ್ಡದೇನ್ರಿ?"

"ದೊಡ್ಡದೋ ಸಣ್ಣದೋ ನನಗ ಗೊತ್ತಿಲ್ಲ ಹಂಪಮ್ಮ," ಎಂದೆ. "ಆದ್ರ ನಾನು ಇಷ್ಟು ವರ್ಷ ಸರಕಾರಿ ನೌಕರಿ ಮಾಡೀನಿ. ನಾ ಮಾಡಿಕೊಟ್ಟದ್ದನ್ನ ವಾಪಸ್ ಕೊಡೂದಿಲ್ಲಂತ ಇವತ್ತಿನ ತನಕ ಒಬ್ರೂ ಜಗಳಾ ಮಾಡಿಲ್ಲ."

ಹಂಪಮ್ಮ ಅಂಗಿಯ ತೋಳಿಗೆ ಮೆತ್ತಿದ ಕೆಸರನ್ನು ಸೆರಗಿನಿಂದ ಒರೆಸಿದಳು. ಆಮೇಲೆ ಮಗಳ ತಲೆ ಸವರಿ, "ನಡಿ, ಕತ್ತಲಾಗತೈತಿ," ಎಂದಳು. ಅಂಗಿ ಅವಳೂ ಕೊಡಲಿಲ್ಲ.